ಸೂರ್ಯನ ಪಾಲು ಆರೂವರೆ ಅಳತೆ

"ಹದಿನೈದು ದಿನ ಒಂದು ತೊಟ್ಟಿ ನೋಡ್ಕೊಳ್ಳೋದು ಏನು ಮಹಾ ಕಣ್ರೀ? ಹದಿನೈದು ವರ್ಷದಿಂದ ನಿಮ್ಮನ್ನ ನೋಡ್ಕೊಂಡಿಲ್ವಾ?"

ಹೀಗೆ ಹೇಳಿ ಹೇಮಲತಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಅವಳ ಸೆರಗು ಸೊಂಟಕ್ಕೆ ಏರಿತೆಂದರೆ ಕಹಳೆ ಊದಿದಂತೆಯೇ. ಹಿಂದೆ ಒಮ್ಮೆ ಹಾಗೆ ಏರಿದಾಗ ಯಾರ ಸಹಾಯವೂ ಇಲ್ಲದೆ ಮೂರೇ ತಿಂಗಳಲ್ಲಿ ಗುಜರಾತಿ ಓದಲು ಕಲಿತು, ಬಸ್ಸಿನ ಬೋರ್ಡುಗಳನ್ನು ಗಂಡನಿಗೇ ಓದಿ ಹೇಳಿದ್ದಳು. ಇನ್ನೊಮ್ಮೆ ಏರಿದಾಗ ಪ್ರೆಶರ್ ಕುಕ್ಕರನ್ನು ತಾನೇ ರಿಪೇರಿ ಮಾಡಿ, ಅಡುಗೆಮನೆಯ ಸೂರಿನ ಮೇಲೆ ಇವತ್ತಿಗೂ ಅಳಿಸಲಾಗದ ತೊಗರಿಬೇಳೆಯ ಗುರುತೊಂದನ್ನು ಸ್ಥಾಪಿಸಿದ್ದಳು. ಯಾವ ಸಲ ಯಾವುದಾಗುತ್ತದೆ ಎಂದು ಮುಂಚಿತವಾಗಿ ಹೇಳಲು ಬರುತ್ತಿರಲಿಲ್ಲ.

ಪಟ್ಟಾಭಿರಾಮ ಆ ಬೇಳೆಯ ಗುರುತನ್ನೇ ನೋಡುತ್ತ ಹೇಳಿದ: "ನೋಡ್ಕೊಳ್ಳೋದಲ್ಲ ಹೇಮಾ, ಅಳೀಬೇಕು. ದಿನಾ ಬೆಳಿಗ್ಗೆ ಎಂಟೂವರೆಗೆ. ಎಂಟು ಇಪ್ಪತ್ತೊಂಬತ್ತೂ ಅಲ್ಲ, ಎಂಟು ಮೂವತ್ತೊಂದೂ ಅಲ್ಲ."

"ನಿಮ್ಮ ಕಾಫಿ ದಿನಾ ಆರೂ ಮುಕ್ಕಾಲಿಗೆ ಬರುತ್ತೆ. ಒಂದು ದಿನವಾದ್ರೂ ನಲವತ್ತಾರು ನಿಮಿಷಕ್ಕೆ ಬಂದಿದ್ಯಾ?"

ಬಂದಿರಲಿಲ್ಲ.

ಅವನು ಅಹಮದಾಬಾದಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ನೀರಿನ ವಿಜ್ಞಾನಿ. ಆಕಾಶದಿಂದ ಬಿದ್ದ ನೀರು ಎಲ್ಲಿ ಹರಿಯಿತು, ಎಲ್ಲಿ ನಿಂತಿತು, ಎಷ್ಟು ಇಂಗಿತು, ಎಷ್ಟು ಮತ್ತೆ ಆಕಾಶಕ್ಕೆ ಹೋಯಿತು ಎಂದು ಪತ್ತೇದಾರನ ಹಾಗೆ ಅದರ ಬೆನ್ನು ಹಿಡಿದು ಹೋಗುವುದು ಅವನ ಕೆಲಸ. ಗುಜರಾತಿನ ಅಷ್ಟೂ ನೀರಿನ ಹಿಂದೆ ಹೋಗುವ ಈ ಮಹಾನುಭಾವನಿಗೆ ಬಚ್ಚಲುಮನೆಯ ನಲ್ಲಿ ಎರಡು ತಿಂಗಳಿಂದ ತೊಟ್ಟಿಕ್ಕುತ್ತಿರುವುದು ಮಾತ್ರ ಇನ್ನೂ ಗಮನಕ್ಕೆ ಬಂದಿರಲಿಲ್ಲ.

"ಬೀಳೋ ನೀರನ್ನ ಯಾರು ಬೇಕಾದ್ರೂ ಅಳೀತಾರೆ" ಎಂದು ಅವನು ಆ ದಿನ ಪಾಠ ಆರಂಭಿಸಿದ. "ಮಳೆಗೆ ಮಳೆಮಾಪಕ ಇದೆ. ಹೊಳೆಗೆ ಗುರುತು ಹಾಕಿದ ಕಂಬ ಇದೆ. ನೆಲದೊಳಗಿನ ನೀರಿಗೆ ಟೇಪಿಗೆ ಸೀಮೆಸುಣ್ಣ ಬಳಿದು ಬೋರ್‌ವೆಲ್ಲಿಗೆ ಇಳಿಸಿದ್ರೆ, ಎಲ್ಲಿವರೆಗೆ ಒದ್ದೆಯಾಗಿದೆಯೋ ಅಲ್ಲಿವರೆಗೆ ನೀರು. ಆದ್ರೆ ಮೇಲೆ ಹೋಗೋ ನೀರು ಕಣ್ಣಿಗೇ ಕಾಣಲ್ಲ. ಹೋಗ್ತೀನಿ ಅಂತ ಹೇಳಿಯೂ ಹೋಗಲ್ಲ."

"ಹೇಳದೆ ಹೋಗೋರನ್ನ ಹಿಡಿಯೋದು ನನಗೆ ಅಭ್ಯಾಸ ಇದೆ ಬಿಡಿ. ಮುಂದೆ ಹೇಳಿ."

ಎರಡು ಸಾವಿರದ ಮೂರನೆಯ ಇಸವಿಯ ವೈಶಾಖ. ಅಹಮದಾಬಾದಿನ ಬಿಸಿಲಿಗೆ ಆಟೋಗಳ ಸೀಟು ಕಾದ ಕಾವಲಿಯಾಗಿತ್ತು. ನವರಂಗಪುರದ ಅವರ ನಾಲ್ಕು ಅಂತಸ್ತಿನ ಸೊಸೈಟಿಯ ತಾರಸಿಯ ಮೇಲೆ ಪಟ್ಟಾಭಿರಾಮ ಒಂದು ತೊಟ್ಟಿ ಇಟ್ಟಿದ್ದ. ದುಂಡನೆಯ ತೊಟ್ಟಿ, ನಾಲ್ಕಡಿ ಅಗಲ, ಗೇಣಿಗಿಂತ ತುಸು ಹೆಚ್ಚು ಆಳ, ಹೊರಗೆ ಬಿಳಿ ಬಣ್ಣ. ಹಕ್ಕಿಗಳು ಕುಡಿದುಬಿಡದಂತೆ ಮೇಲೊಂದು ತಂತಿಬಲೆ. ಒಳಗೆ ನೀರು, ನೀರಿನಲ್ಲಿ ನೆಟ್ಟಗೆ ನಿಂತ ಒಂದು ಹಿತ್ತಾಳೆಯ ಮುಳ್ಳು. ಬಿಸಿಲಿಗೆ ನೀರು ಆವಿಯಾಗಿ ಇಳಿಯುತ್ತದೆ, ಮುಳ್ಳು ಮೇಲೆ ಕಾಣುತ್ತದೆ. ಆಗ ಅಳತೆಪಾತ್ರೆಯಿಂದ ನೀರು ಸುರಿದು ಮತ್ತೆ ಮುಳ್ಳಿನ ತುದಿಗೆ ತರಬೇಕು. ಎಷ್ಟು ಸುರಿದೆವೋ ಅಷ್ಟೇ ಸೂರ್ಯ ಕುಡಿದದ್ದು. ಒಂದು ಅಳತೆ ಸುರಿದರೆ ತೊಟ್ಟಿಯಲ್ಲಿ ಎರಡು ಮಿಲಿಮೀಟರ್ ಏರುತ್ತದೆ. ದಿನವೂ ಸೂರ್ಯನ ಪಾಲು ಆರು ಅಳತೆ.

"ಮುಳ್ಳಿನ ತುದಿ ನೀರನ್ನ ಮುಟ್ಟಿಯೂ ಮುಟ್ಟದ ಹಾಗಿರ್ಬೇಕು" ಎಂದ ಪಟ್ಟಾಭಿರಾಮ.

"ಮಡೀಲಿರೋ ನಿಮ್ಮಮ್ಮ ನನ್ನ ಕೈಯಿಂದ ಲೋಟ ತಗೊಳ್ಳೋ ಹಾಗೆ. ಗೊತ್ತಾಯ್ತು."

ಈ ತೊಟ್ಟಿಯ ಮೇಲೆ ನಿಂತಿದ್ದದ್ದು ಪಟ್ಟಾಭಿರಾಮನ ಇಡೀ ವರ್ಷದ ಕೆಲಸ. ಮೂವತ್ತು ದಿನ ಒಂದೂ ತಪ್ಪದೆ ಅಳೆದ ಪಟ್ಟಿ ಹಿಡಿದು ಅವನು ವಡೋದರದಲ್ಲಿ ನಡೆಯುವ ನೀರಿನ ವಿಜ್ಞಾನಿಗಳ ಸಭೆಗೆ ಹೋಗಬೇಕಿತ್ತು. ನಡುವೆ ಒಂದು ದಿನ ತಪ್ಪಿದರೂ ಪಟ್ಟಿ ಕಸದ ಬುಟ್ಟಿಗೆ, ಮತ್ತೆ ಮುಂದಿನ ವೈಶಾಖದವರೆಗೆ ಕಾಯಬೇಕು. ಹದಿನೈದು ದಿನ ಅವನೇ ಅಳೆದಿದ್ದ. ಅಷ್ಟರಲ್ಲಿ ಸೂರತ್ತಿನಿಂದ ಕರೆ ಬಂತು, ಹಜೀರಾದ ಕಡೆಯ ಬಾವಿಗಳಿಗೆ ಸಮುದ್ರದ ಉಪ್ಪು ಎಷ್ಟು ದೂರ ನುಗ್ಗಿದೆ ಎಂದು ನೋಡಲು. ಉಳಿದ ಹದಿನೈದು ದಿನ ಹೇಮಲತೆಯ ಕೈಗೆ ಬಂತು.

ಅದರ ಜೊತೆಗೆ ಒಂದು ರಹಸ್ಯವೂ ಇತ್ತು. ಅವನ ಆಫೀಸಿನ ಮೈದಾನದಲ್ಲಿ ಇಂಥದೇ ಇನ್ನೊಂದು ತೊಟ್ಟಿ ಇತ್ತು. ಅದೇ ಊರು, ಅದೇ ಬಿಸಿಲು. ಆದರೆ ಅಲ್ಲಿ ಸೂರ್ಯನ ಪಾಲು ದಿನವೂ ಆರೂವರೆ ಅಳತೆ. ಮನೆಯ ತಾರಸಿಯಲ್ಲಿ ಆರೇ. ಅರ್ಧ ಅಳತೆ ಎಂದರೆ ಒಂದು ಮಿಲಿಮೀಟರ್. ಈ ಒಂದು ಮಿಲಿಮೀಟರಿನ ಮೇಲೆ ಪಟ್ಟಾಭಿರಾಮ ಮೂರು ಪುಟದ ಸಿದ್ಧಾಂತ ಕಟ್ಟಿದ್ದ. ಹೋದ ವರ್ಷ ನರ್ಮದೆಯ ನೀರು ಸಾಬರಮತಿಗೆ ಬಂದ ಮೇಲೆ ನದಿಯ ಕಡೆಯಿಂದ ತಂಪು ಗಾಳಿ ಬೀಸಿ, ನವರಂಗಪುರದ ನಾಲ್ಕನೇ ಅಂತಸ್ತಿನ ಎತ್ತರದಲ್ಲಿ ಆವಿಯಾಗುವುದು ಕಡಿಮೆಯಾಗಿದೆ ಎಂಬುದು ಅದರ ಸಾರಾಂಶ.

"ನನಗೆ ಒಂದು ದಿನವೂ ತಂಪು ಗಾಳಿ ಬೀಸಿಲ್ಲ" ಎಂದಿದ್ದಳು ಹೇಮಲತಾ.

"ಮಿಲಿಮೀಟರ್ ಗಾಳಿ ಕಣೆ ಅದು. ಮೈಗೆ ತಿಳಿಯಲ್ಲ."

ಹೇಮಲತೆಗೆ ಆ ತೊಟ್ಟಿಯ ಮೇಲೆ ಸಣ್ಣ ಮುನಿಸೂ ಇತ್ತು. ಬೆಳಗಿನ ಬಿಸಿಲು ಅಡ್ಡಿಯಿಲ್ಲದೆ ಬೀಳುವುದು ತಾರಸಿಯ ಮೂಡಣ ಮೂಲೆಯಲ್ಲಿ. ಅಲ್ಲಿದ್ದ ಅವಳ ತುಳಸಿಕುಂಡವನ್ನು ಬಾಲ್ಕನಿಗೆ ಇಳಿಸಿ ತೊಟ್ಟಿಯನ್ನು ಕೂರಿಸಲಾಗಿತ್ತು. ಅವಳು ಎದುರು ಹೇಳಲಿಲ್ಲ. ತುಳಸಿ ಇಳಿಯಿತೇ ಹೊರತು ಅವಳ ನೇಮ ಇಳಿಯಲಿಲ್ಲ. ಮಿಂದು ಮಡಿಯುಟ್ಟು, ಬೆಳಿಗ್ಗೆ ಆರಕ್ಕೆ ಅದೇ ಮೂಲೆಯಲ್ಲಿ ನಿಂತು, ಕಣ್ಣು ಮುಚ್ಚಿ, ಚೊಂಬು ಎತ್ತಿ ಸೂರ್ಯನಿಗೆ ಅರ್ಘ್ಯ ಕೊಟ್ಟ ಮೇಲೆಯೇ ಅವಳ ಮನೆಯಲ್ಲಿ ಕಾಫಿ.

ಪಟ್ಟಾಭಿರಾಮ ಸೂರತ್ತಿನ ರೈಲು ಹತ್ತಿದ. ಹೇಮಲತಾ ಅಧಿಕಾರ ವಹಿಸಿಕೊಂಡಳು.

ಮೊದಲ ದಿನ ಆರು ಅಳತೆ. ಎರಡನೆಯ ದಿನ ಆರು. ಮೂರನೆಯ ದಿನ ಆರು. ರಾಜ್ಯಭಾರ ಇಷ್ಟು ಸುಲಭ ಎಂದು ಗೊತ್ತಿದ್ದರೆ ಎಲ್ಲರೂ ರಾಜರಾಗುತ್ತಿದ್ದರು ಎಂದುಕೊಂಡಳು. ಸಂಜೆ ಸೂರತ್ತಿನ ಎಸ್‌ಟಿಡಿ ಬೂತಿನಿಂದ ಗಂಡ ಫೋನ್ ಮಾಡಿದಾಗ, "ನಿಮ್ಮ ವಿಜ್ಞಾನದಲ್ಲಿ ಇನ್ನೇನಾದ್ರೂ ಕಷ್ಟದ್ದು ಇದ್ರೆ ಕೊಡಿ" ಎಂದೂ ಕೇಳಿದಳು.

ನಾಲ್ಕನೆಯ ದಿನ ಎರಡು ಅಳತೆ ಸುರಿದಳು. ಮುಳ್ಳಿನ ತುದಿ ಮುಟ್ಟಿಹೋಯಿತು.

ಹೇಮಲತಾ ಕೈಯಲ್ಲಿದ್ದ ಮೂರನೆಯ ಪಾತ್ರೆಯನ್ನು ಹಾಗೇ ಹಿಡಿದು ನಿಂತಳು. ಕನ್ನಡಕ ಒರೆಸಿದಳು. ಬಗ್ಗಿ ನೋಡಿದಳು, ಮಂಡಿಯೂರಿ ನೋಡಿದಳು. ಎರಡೇ. ಆಕಾಶ ನೋಡಿದಳು. ಅಲ್ಲಿ ಸೂರ್ಯ ಎಂದಿನ ಹಾಗೆ, ಯಾರ ಮುಲಾಜೂ ಇಲ್ಲದೆ ಉರಿಯುತ್ತಿದ್ದ. ನಲವತ್ಮೂರು ಡಿಗ್ರಿಯಲ್ಲಿ ಆರು ಅಳತೆ ಕುಡಿಯುತ್ತಿದ್ದವನಿಗೆ ಒಂದೇ ದಿನದಲ್ಲಿ ಬಾಯಾರಿಕೆ ಹೋದದ್ದು ಹೇಗೆ?

ಐದನೆಯ ದಿನವೂ ಎರಡು. ಆರನೆಯ ದಿನ ಸುರಿಯುವ ಪ್ರಶ್ನೆಯೇ ಬರಲಿಲ್ಲ. ಮುಳ್ಳು ಮುಳುಗಿತ್ತು. ಒಂದು ಅಳತೆ ನೀರು ಹೊರಕ್ಕೆ ತೆಗೆದ ಮೇಲೆ ತುದಿ ಕಂಡಿತು.

ಒಂದು ಹನಿ ಮಳೆಯಿಲ್ಲ. ಮೋಡವಿಲ್ಲ. ತೊಟ್ಟಿಯಲ್ಲಿ ನೀರು ಏರುತ್ತಿದೆ. ಹೇಮಲತೆಗೆ ಪಾಂಡವರ ಅಕ್ಷಯಪಾತ್ರೆ ನೆನಪಾಯಿತು. ಅದನ್ನೂ ಕೊಟ್ಟವನು ಸೂರ್ಯನೇ. ಕ್ಷಣಕಾಲ ಮೈ ನವಿರೆದ್ದಿತು. ಮರುಕ್ಷಣವೇ ಗಂಡನ ಮುಖ ಕಣ್ಣ ಮುಂದೆ ಬಂದು ಭಕ್ತಿ ಇಳಿದು ಭಯ ಏರಿತು. ವಡೋದರದ ಸಭೆಯಲ್ಲಿ ಎದ್ದು ನಿಂತು, "ನನ್ನ ತಾರಸಿಯ ಮೇಲೆ ನೀರು ತಾನಾಗಿ ಹುಟ್ಟುತ್ತಿದೆ" ಎಂದು ಹೇಳುವ ವಿಜ್ಞಾನಿಯನ್ನು ಯಾರು ತಾನೆ ಎರಡನೇ ಸಲ ಸಭೆಗೆ ಕರೆಯುತ್ತಾರೆ?

ಆ ಸಂಜೆ ಫೋನಿನಲ್ಲಿ ಪಟ್ಟಾಭಿರಾಮ ಕೇಳಿದ: "ತೊಟ್ಟಿ ಹೇಗಿದೆ?"

"ತುಂಬಾ ಚೆನ್ನಾಗಿದೆ" ಎಂದಳು ಹೇಮಲತಾ. ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ. ತುಂಬಿರುವುದಂತೂ ನಿಜವಾಗಿತ್ತು.

ಮಾರನೆಯ ಬೆಳಿಗ್ಗೆ ಆರಕ್ಕೆ ಅರ್ಘ್ಯ ಕೊಡುವಾಗ ಅವಳ ಪ್ರಾರ್ಥನೆ ಎಂದಿಗಿಂತ ಉದ್ದವಾಗಿತ್ತು. "ಸ್ವಾಮಿ ಸೂರ್ಯನಾರಾಯಣ, ನಿನ್ನ ಪಾಲು ನೀನು ತಗೊ. ಯಾಕಪ್ಪಾ ಸಂಕೋಚ? ನನ್ನ ಕೈಯಲ್ಲಿರೋವಾಗಲೇ ಉಪವಾಸ ಶುರು ಮಾಡ್ಬೇಕಿತ್ತಾ?" ಎಂದು ಕಣ್ಣು ಮುಚ್ಚಿ, ಚೊಂಬನ್ನು ಕೊನೆಯ ಹನಿಯವರೆಗೂ ಬಗ್ಗಿಸಿದಳು.

ಸೂರ್ಯ ಕಿವಿಗೊಡಲಿಲ್ಲ. ಆ ದಿನವೂ ಒಂದು ಅಳತೆ ತೆಗೆಯಬೇಕಾಯಿತು. ಎಂಟನೆಯ ದಿನ ನಾಲ್ಕು. ಒಂಬತ್ತನೆಯ ದಿನ ನಾಲ್ಕು. ತೆಗೆದ ನೀರನ್ನು ಚೆಲ್ಲಲು ಮನಸ್ಸು ಬಾರದೆ ಬಾಲ್ಕನಿಯ ತುಳಸಿಗೆ ಹಾಕಿದಳು. ತುಳಸಿಗೂ ಸಾಕಾಗಿ ಕುಂಡದ ಬುಡದಿಂದ ನೀರು ಕೆಳಗಿನ ಮನೆಯವರ ಒಣಹಾಕಿದ ಬಟ್ಟೆಯ ಮೇಲೆ ಇಳಿಯತೊಡಗಿತು.

ಆದರೂ ಒಂದು ಕೆಲಸ ಅವಳು ತಪ್ಪದೆ ಮಾಡಿದಳು. ಏನಾಯಿತೋ ಅದನ್ನೇ ನೋಟುಬುಕ್ಕಿನಲ್ಲಿ ಬರೆದಳು. ಹಾಕಿದ್ದು ಎರಡು. ತೆಗೆದದ್ದು ಒಂದು. ತೆಗೆದದ್ದು ನಾಲ್ಕು. ಆರು ಎಂದು ಬರೆದು ಸುಮ್ಮನಿದ್ದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆದರೆ ದಿನಾ ಬೆಳಿಗ್ಗೆ ಸೂರ್ಯನ ಎದುರು ನಿಲ್ಲುವವಳು ಸೂರ್ಯನ ಪಾಲಿನ ವಿಷಯದಲ್ಲೇ ಸುಳ್ಳು ಬರೆಯುವುದು ಹೇಗೆ?

ಹತ್ತನೆಯ ದಿನ ಸೆರಗು ಮತ್ತೆ ಸೊಂಟಕ್ಕೆ ಏರಿತು. ಕಾಫಿಗೆ ಗಂಡನೂ ಇಲ್ಲದ್ದರಿಂದ ಆರೂವರೆಗೇ ತಾರಸಿಗೆ ಹೋಗಿ ನೀರಿನ ಟ್ಯಾಂಕಿನ ಹಿಂದೆ ಮಣೆ ಹಾಕಿ ಕುಳಿತಳು. ಕೈಯಲ್ಲಿ ಜಪಮಾಲೆ, ಪಕ್ಕದಲ್ಲಿ ಪೊರಕೆ. ಕೋತಿಯಾದರೆ ಪೊರಕೆ, ದೇವರಾದರೆ ಜಪಮಾಲೆ.

ಏಳು ಗಂಟೆಗೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಮೊದಲು ಕಾಣಿಸಿದ್ದು ಥಳಥಳಿಸುವ ಒಂದು ಸ್ಟೀಲ್ ಕೊಡ. ಅದರ ಕೆಳಗೆ ಮೂರನೇ ಮಹಡಿಯ ಕಂಚನ್‌ಬೆನ್. ದೇರಾಸರಕ್ಕೆ, ಅಂದರೆ ಜೈನ ಬಸದಿಗೆ, ಹೋಗಿ ಬಂದ ಬಿಳಿ ಸೀರೆ, ಹಣೆಯಲ್ಲಿ ಚಂದನ. ಅವಳ ಹಿಂದೆ ಎರಡನೇ ಮಹಡಿಯ ಜ್ಯೋತ್ಸ್ನಾಬೆನ್, ಸ್ವಲ್ಪ ಸಣ್ಣ ಕೊಡ. ಅವಳ ಹಿಂದೆ ನೆಲಮಹಡಿಯ ಮಂಜುಳಾಬೆನ್, ನಾಲ್ಕು ಅಂತಸ್ತು ಹತ್ತಿದ ಏದುಸಿರು, ಅದೇ ಅಳತೆಯ ಇನ್ನೊಂದು ಕೊಡ. ಮೂವರೂ ಸಾಲಾಗಿ ತೊಟ್ಟಿಯ ಬಳಿ ಬಂದು, ಕೊಡದ ಬಾಯಿಗೆ ಕಟ್ಟಿದ್ದ ಶೋಧಿಸುವ ಬಟ್ಟೆ ಬಿಚ್ಚಿ, ತಂತಿಬಲೆಯ ಮೇಲಿಂದ ನೀರು ಸುರಿದು, ಕೈ ಮುಗಿದರು. ಆಮೇಲೆ ಕಂಚನ್‌ಬೆನ್ ಬಲೆಯಿಂದ ನೀರಿನವರೆಗೆ ಬೆರಳಿಟ್ಟು ನೋಡಿ ತಲೆ ಅಲ್ಲಾಡಿಸಿದಳು.

"ಇನ್ನೂ ನಾಲ್ಕು ಬೆರಳು ಕೆಳಗೇ ಇದೆ. ನಾಳೆ ಪಕ್ಕದ ಸೊಸೈಟಿಯವರಿಗೂ ಹೇಳ್ಬೇಕು."

ಹೇಮಲತಾ ಟ್ಯಾಂಕಿನ ಹಿಂದಿನಿಂದ ಎದ್ದಳು. ಒಂದು ಕೈಯಲ್ಲಿ ಮಾಲೆ, ಇನ್ನೊಂದರಲ್ಲಿ ಪೊರಕೆ. ಮಂಜುಳಾಬೆನ್ ಮೊದಲು ನೋಡಿದ್ದು ಪೊರಕೆ. ಅವಳು ಕೊಡವನ್ನು ಗುರಾಣಿಯ ಹಾಗೆ ಎದೆಗೆ ಹಿಡಿದಳು.

"ಕಂಚನ್‌ಬೆನ್, ಈ ನೀರು ನೀವಾ ಹಾಕ್ತಿರೋದು?" ಎಂದು ಹೇಮಲತಾ ತನ್ನ ಗುಜರಾತಿಗೆ ಸಾಕಷ್ಟು ಹಿಂದಿ ಬೆರೆಸಿ ಕೇಳಿದಳು.

"ಹಾಂ, ನಾವೇ. ಇದು ಏನು ಹೇಮಾಬೆನ್, ನೀರನ್ನ ಪಂಜರದಲ್ಲಿ ಇಟ್ಟಿದ್ದೀರಿ? ಪಾರಿವಾಳ, ಗಿಳಿ ಎಲ್ಲಾ ಬಂದು ಬಲೆ ಮೇಲೆ ಕೂತ್ಕೊಂಡು ಕೊಕ್ಕು ಇಳಿಸ್ತಾವೆ, ನೀರು ಸಿಗಲ್ಲ. ಈ ಬಿಸಿಲಲ್ಲಿ! ಅದಕ್ಕೆ ಬಲೆ ಮುಟ್ಟೋವರೆಗೂ ತುಂಬಿಸೋಣ ಅಂತ ನೇಮ ಹಿಡಿದ್ವಿ. ಆದ್ರೆ ಯಾರೋ ಪಾಪಿಗಳು ದಿನಾ ಬಂದು ನೀರು ತೆಗೀತಾರೆ. ನಾವು ಹಾಕ್ತೀವಿ, ಅವರು ತೆಗೀತಾರೆ. ನಾನು ಒಬ್ಬಳೇ ಶುರು ಮಾಡಿದ್ದು, ಸಾಲದೆ ಜ್ಯೋತ್ಸ್ನಾನ ಕರೆದೆ, ಅದೂ ಸಾಲದೆ ಮಂಜುಳಾನ ಕರೆದೆ. ಆ ತೆಗೆಯೋರು ಒಂದ್ಸಲ ನನ್ನ ಕೈಗೆ ಸಿಗಲಿ."

"ನಾನೇ" ಎಂದಳು ಹೇಮಲತಾ.

ಒಂದು ಪಾರಿವಾಳ ಬಲೆಯ ಮೇಲೆ ಇಳಿದು, ಬಗ್ಗಿ, ನೀರು ಸಿಗದೆ, ಸಾಕ್ಷಿ ಹೇಳಿದಂತೆ ಗುಟುರು ಹಾಕಿತು.

"ಹಾಯ್ ಹಾಯ್" ಎಂದಳು ಮಂಜುಳಾಬೆನ್. "ಪೂಜೆ ಮಾಡೋ ಹೆಂಗಸು. ಹಕ್ಕಿ ಬಾಯಿಂದ ನೀರು ಕಿತ್ಕೊಳ್ತಾಳೆ."

ಕಳ್ಳರನ್ನು ಹಿಡಿಯಲು ಕುಳಿತವಳು ತಾನೇ ಕಳ್ಳಿಯಾಗಿ ಸಿಕ್ಕಿಬಿದ್ದಿದ್ದಳು. ಹೇಮಲತಾ ಪೊರಕೆ ಕೆಳಗಿಟ್ಟು, ಗಂಡ ಮಾಡಿದ ಪಾಠವನ್ನು ಆರಂಭದಿಂದ ಒಪ್ಪಿಸಿದಳು. ಮುಳ್ಳು ತೋರಿಸಿದಳು, ಅಳತೆಪಾತ್ರೆ ತೋರಿಸಿದಳು. ಸೂರ್ಯ ಎಷ್ಟು ಕುಡಿಯುತ್ತಾನೆ ಎಂದು ನೋಡಲು ಇಟ್ಟ ನೀರು ಇದು, ಹಕ್ಕಿ ಕುಡಿದರೆ ಸೂರ್ಯನದು ಎಷ್ಟು, ಹಕ್ಕಿಯದು ಎಷ್ಟು ಎಂದು ತಿಳಿಯುವುದಿಲ್ಲ ಎಂದಳು.

"ಹೋಗೋ ನೀರನ್ನ ಅಳೆದು ಏನು ಮಾಡ್ತಾರೆ?" ಎಂದಳು ಕಂಚನ್‌ಬೆನ್. "ಹೋದ್ದು ಹೋಯ್ತಲ್ಲ."

"ನರ್ಮದೆ ನೀರು ಕಾಲುವೇಲಿ ಎಷ್ಟು ದೂರದಿಂದ ಬರುತ್ತೆ? ದಾರಿ ಉದ್ದಕ್ಕೂ ಸೂರ್ಯ ತನ್ನ ಪಾಲು ತಗೋತಾನೆ. ಅವನ ಪಾಲು ಎಷ್ಟು ಅಂತ ಗೊತ್ತಿಲ್ದೆ ಇದ್ರೆ ಊರಿಗೆ ಎಷ್ಟು ಬಿಡ್ಬೇಕು ಅಂತ ಹೇಗೆ ಗೊತ್ತಾಗುತ್ತೆ?"

ಕಂಚನ್‌ಬೆನ್ ಒಪ್ಪದ ಮುಖ ಮಾಡಿದಳು. ಆದರೆ ಜ್ಯೋತ್ಸ್ನಾಬೆನ್ ಇಡೀ ಸೊಸೈಟಿಗೆ ಬಾಸುಂದಿ ಮಾಡಿಕೊಡುವವಳು. ಅವಳಿಗೆ ಥಟ್ಟನೆ ಹೊಳೆಯಿತು.

"ಬಾಸುಂದಿ ಹಾಗೆ ಕಂಚನ್‌ಬೆನ್. ನಾಲ್ಕು ಲೀಟರ್ ಹಾಲು ಎಷ್ಟು ಬತ್ತುತ್ತೆ ಅಂತ ಗೊತ್ತಿಲ್ದೆ ಇದ್ರೆ ಇಪ್ಪತ್ತು ಜನಕ್ಕೆ ಎಷ್ಟು ಬಟ್ಟಲು ಅಂತ ಹೇಗೆ ಹೇಳೋದು? ಇವರು ನದೀನ ಬತ್ತಿಸಿ ನೋಡ್ತಿದ್ದಾರೆ."

ಅಷ್ಟು ವರ್ಷದ ಓದಿನಲ್ಲಿ ಪಟ್ಟಾಭಿರಾಮನಿಗೂ ಹೀಗೆ ಹೇಳಲು ಬಂದಿರಲಿಲ್ಲ.

"ಅಂದ್ರೆ ನಾವು ಕುದಿಯೋ ಹಾಲಿಗೆ ನೀರು ಹಾಕಿದ ಹಾಗಾಯ್ತಾ?" ಎಂದು ಕಂಚನ್‌ಬೆನ್ ಮೆಲ್ಲಗೆ ಕೇಳಿದಳು. ಅವಳ ಮುಖ ಬಾಡಿತು. "ನಿಮ್ಮ ಸಾಹೇಬರ ಕೆಲಸ ಕೆಟ್ಟುಹೋಯ್ತಾ ಹೇಮಾಬೆನ್?"

ಹೇಮಲತೆಗೆ ಅಳು ಬರುವಂತಾಗಿತ್ತು. ಕೆಟ್ಟುಹೋಯಿತು ಎನ್ನಲು ಬಾಯಿ ತೆರೆದವಳು ಹಾಗೇ ನಿಂತಳು. ಅವಳ ಕಣ್ಣು ಮೂರು ಕೊಡಗಳ ಮೇಲೆ ನಿಂತಿತ್ತು.

"ನೀವು ದಿನಾ ಇದೇ ಕೊಡದಲ್ಲಿ ತಂದ್ರಾ?"

"ಮತ್ತೆ? ನೇಮ ಅಂದ ಮೇಲೆ ಕೊಡ ಬದಲಾಯಿಸ್ತಾರಾ?"

"ಕಂಠದವರೆಗೆ?"

"ಒಂದು ಲೋಟ ಕಡಿಮೆಯಾದ್ರೂ ಮನಸ್ಸು ಒಪ್ಪಬೇಕಲ್ಲ."

"ಒಂದು ದಿನವೂ ತಪ್ಪಿಸಿಲ್ಲ?"

ಮೂವರೂ ಅವಳನ್ನು ಕರುಣೆಯಿಂದ ನೋಡಿದರು. ನೇಮ ತಪ್ಪಿಸುವವರೂ ಇರುತ್ತಾರೆಯೇ? ಕಂಚನ್‌ಬೆನ್ ಅಖಾತ್ರೀಜಿನ ಭಾನುವಾರ, ಅಂದರೆ ಅಕ್ಷಯ ತದಿಗೆಯ ದಿನ ಹಿಡಿದದ್ದು. ಜ್ಯೋತ್ಸ್ನಾಬೆನ್ ಮಂಗಳವಾರ. ಮಂಜುಳಾಬೆನ್ ಗುರುವಾರ.

ಹೇಮಲತಾ ಮೂರು ಕೊಡಗಳನ್ನೂ ನಲ್ಲಿಯಲ್ಲಿ ಕಂಠದವರೆಗೆ ತುಂಬಿಸಿ, ಅಳತೆಪಾತ್ರೆಗೆ ಬಗ್ಗಿಸಿ ಬಗ್ಗಿಸಿ ಎಣಿಸಿದಳು. ಕಂಚನ್‌ಬೆನ್ ಕೊಡ ನಾಲ್ಕು ಅಳತೆ. ಜ್ಯೋತ್ಸ್ನಾಬೆನ್ ಮೂರು. ಮಂಜುಳಾಬೆನ್ ಮೂರು. ತಾರಸಿಯ ನೆಲದ ಮೇಲೆಯೇ ಕುಳಿತು ನೋಟುಬುಕ್ಕು ಬಿಡಿಸಿದಳು. ಭಾನುವಾರ: ಕಂಚನ್‌ಬೆನ್ ನಾಲ್ಕು, ತಾನು ಎರಡು. ಆರು. ಮಂಗಳವಾರ: ನಾಲ್ಕು, ಮೂರು, ಅದರಲ್ಲಿ ತಾನು ತೆಗೆದದ್ದು ಒಂದು. ಆರು. ಗುರುವಾರ: ನಾಲ್ಕು, ಮೂರು, ಮೂರು, ಒಟ್ಟು ಹತ್ತು. ತೆಗೆದದ್ದು ನಾಲ್ಕು. ಆರು.

ಸೂರ್ಯ ಒಂದು ದಿನವೂ ಉಪವಾಸವಿರಲಿಲ್ಲ. ಆರು ದಿನವೂ ತನ್ನ ಪಾಲಿನ ಆರು ಅಳತೆಯನ್ನು ಮರ್ಯಾದೆಯಾಗಿ ಕುಡಿದಿದ್ದ. ತುಳಸಿಗೆ ಹೋದ ನೀರೂ ಸೇರಿ ಹನಿ ಹನಿಯೂ ಹೊಂದಿಕೊಂಡಿತ್ತು. ಅವಳು ಸುಳ್ಳು ಬರೆದಿದ್ದರೆ ಇದೊಂದೂ ಹೊರಬರುತ್ತಿರಲಿಲ್ಲ.

"ಸಿಕ್ತು" ಎಂದು ಹೇಮಲತಾ ಎದ್ದಳು. ಏನು ಸಿಕ್ಕಿತು ಎಂದು ತಿಳಿಯದಿದ್ದರೂ ಮಂಜುಳಾಬೆನ್ ಕೈ ಮುಗಿದಳು.

ಆ ದಿನವೇ ನಾಲ್ವರೂ ಕುಂಬಾರರ ಅಂಗಡಿಗೆ ಹೋಗಿ ಆರು ಮಣ್ಣಿನ ಬೋಗುಣಿ ತಂದರು. ತೊಟ್ಟಿಯಿಂದ ಹತ್ತು ಹೆಜ್ಜೆ ಆಚೆ, ನೆರಳಿನಲ್ಲಿ ಅವನ್ನು ಸಾಲಾಗಿ ಇಟ್ಟರು. ಮಾರನೆಯ ದಿನದಿಂದ ಕೊಡಗಳ ಮೆರವಣಿಗೆ ಅಲ್ಲಿಗೆ ಹೋಯಿತು. ಪಾರಿವಾಳಗಳೂ ಪಂಜರದ ನೀರನ್ನು ಬಿಟ್ಟು ಬೋಗುಣಿಗೆ ಬಂದವು. ತೊಟ್ಟಿಯಲ್ಲಿ ಹನ್ನೊಂದನೆಯ ದಿನ ಆರು, ಹನ್ನೆರಡನೆಯ ದಿನ ಆರು. ಎಂಟೂವರೆಗೆ ಈಗ ಮೂವರು ಸಾಕ್ಷಿದಾರರು. ಹೇಮಲತಾ ಬಗ್ಗಿದರೆ ಅವರೂ ಬಗ್ಗುತ್ತಿದ್ದರು. ಮುಳ್ಳಿನ ತುದಿ ಮುಟ್ಟಿದಾಗ ಜ್ಯೋತ್ಸ್ನಾಬೆನ್, "ಬಸ್, ಬಸ್, ಸಾಕು" ಎಂದು ಬಾಸುಂದಿ ಇಳಿಸುವವಳ ಹಾಗೆ ಕೈ ಎತ್ತುತ್ತಿದ್ದಳು.

ಹದಿನೈದನೆಯ ದಿನ ಸಂಜೆ 'ಸೂರತ್ತಿನ ಉಪ್ಪುನೀರು' ಎಂದು ಬರೆದ ಬಾಟಲಿಗಳ ಪೆಟ್ಟಿಗೆಯೊಂದಿಗೆ ಪಟ್ಟಾಭಿರಾಮ ಮನೆಗೆ ಬಂದ. ಕೈಕಾಲೂ ತೊಳೆಯದೆ ನೋಟುಬುಕ್ಕು ಕೇಳಿದ. ನಾಲ್ಕನೆಯ ದಿನಕ್ಕೆ ಬಂದಾಗ ಕನ್ನಡಕ ಮೂಗಿನ ತುದಿಗೆ ಜಾರಿತು.

"ಇದೇನು, ಕಂಚನ್‌ಬೆನ್ ನಾಲ್ಕು? ಇದು ಯಾವ ಉಪಕರಣ?"

"ಉಪಕರಣ ಅಲ್ಲ. ಮೂರನೇ ಮಹಡಿ."

ಕಥೆ ಕೇಳುತ್ತ ಪಟ್ಟಾಭಿರಾಮನ ಮುಖಕ್ಕೆ ಬಣ್ಣ ಬಂದಿತು, ಹೋಯಿತು, ಮತ್ತೆ ಬಂದಿತು. ಮೂರು ಸಲ ಕೂಡಿಸಿ ಕಳೆದು ನೋಡಿದ. ಮೂರು ಸಲವೂ ಆರು. ಆಮೇಲೆ ಹೆಂಡತಿಯನ್ನು ಮೊದಲ ಸಲ ನೋಡುವವನಂತೆ ನೋಡಿದ.

"ಹೇಮಾ, ನನ್ನ ಕೈಕೆಳಗಿನವರು ಯಾರೇ ಆಗಿದ್ರೂ ಹೆದರಿ ಆರು ಅಂತ ಬರ್ದುಬಿಡ್ತಿದ್ರು."

"ಹೆದರಿಕೆ ನನಗೂ ಆಗಿತ್ತು. ಆದ್ರೆ ನಿಮಗಿಂತ ದೊಡ್ಡೋರು ಮೇಲಿಂದ ನೋಡ್ತಿದ್ರಲ್ಲ."

ಹೇಮಲತಾ ಆ ರಾತ್ರಿ ಗಂಡನಿಗೆ ಎರಡು ಹೋಳಿಗೆ ಹೆಚ್ಚಾಗಿ ಬಡಿಸಿದಳು. ಸೆರಗು ಸೊಂಟದಲ್ಲೇ ಇತ್ತು. ಕುಕ್ಕರಿನ ಕಲೆಯನ್ನು ಈ ತೊಟ್ಟಿ ತೊಳೆದುಹಾಕಿತು ಎಂದು ಅವಳಿಗೆ ಅನಿಸಿತು.

ಮರುದಿನ ಬೆಳಿಗ್ಗೆ ಪಟ್ಟಾಭಿರಾಮ ವಡೋದರಕ್ಕೆ ಹೊರಟ. ಕೆಳಗೆ ಆಟೋ ನಿಂತಿತ್ತು. ಬ್ಯಾಗಿನಲ್ಲಿ ಪಟ್ಟಿ, ಪಟ್ಟಿಯ ಜೊತೆ ತಂಪು ಗಾಳಿಯ ಮೂರು ಪುಟ. ಅಷ್ಟರಲ್ಲಿ ಕಂಚನ್‌ಬೆನ್ ದಾರಿಗೆಂದು ಥೇಪ್ಲಾ ರೊಟ್ಟಿ ಮತ್ತು ಛುಂದೊ ಎಂಬ ಮಾವಿನಕಾಯಿ ಸಿಹಿ ಉಪ್ಪಿನಕಾಯಿ ಕಟ್ಟಿಕೊಂಡು ಬಂದಳು.

"ಕಂಚನ್‌ಬೆನ್, ನೀವು ಕೊಡದಲ್ಲಿ ವಿಜ್ಞಾನಾನೇ ತಂದ್ರಿ" ಎಂದು ಪಟ್ಟಾಭಿರಾಮ ನಕ್ಕ. "ಆದ್ರೆ ಒಂದು ಕೇಳ್ಬೇಕು. ತೊಟ್ಟಿ ಇಟ್ಟು ಎಷ್ಟೋ ದಿನ ಆಗಿತ್ತು. ಅದಕ್ಕೆ ನೀರು ಹಾಕ್ಬೇಕು ಅಂತ ಅಖಾತ್ರೀಜಿನ ದಿನವೇ ಹೇಗೆ ಹೊಳೀತು?"

"ನನಗೆ ಎಲ್ಲಿ ಹೊಳೀತು ಸಾಹೇಬ್? ಹೇಮಾಬೆನ್‌ನ ನೋಡಿ ಕಲಿತಿದ್ದು."

"ಇವಳನ್ನ ನೋಡಿ?"

"ಬಿಸಿಲು ಜಾಸ್ತಿಯಾದ ಮೇಲೆ ನಾನು ತಾರಸಿ ಮೇಲೆ ಮಲಗ್ತೀನಲ್ಲ. ಹಾಸಿಗೆ ಸುತ್ತೋ ಹೊತ್ತಿಗೆ ದಿನಾ ನೋಡ್ತೀನಿ. ಆರು ಗಂಟೆ ಆಗಿರುತ್ತೆ, ಸ್ನಾನ ಮಾಡಿ ಬರ್ತಾರೆ, ಕಣ್ಣು ಮುಚ್ಚಿ ಒಂದು ಚೊಂಬು ನೀರು ಆ ತೊಟ್ಟಿಗೆ ಹಾಕ್ತಾರೆ, ಕೈ ಮುಗೀತಾರೆ. ಒಂದು ದಿನವೂ ತಪ್ಪಿಸಲ್ಲ. ದಕ್ಷಿಣದಿಂದ ಬಂದ ಹೆಂಗಸು ನಮ್ಮ ಊರಿನ ಹಕ್ಕಿಗಳಿಗೆ ಇಷ್ಟು ಮಾಡ್ತಾರೆ, ನಾನು ನೋಡ್ತಾ ಮಲಗಿದ್ದೀನಲ್ಲ ಅಂತ ನಾಚಿಕೆಯಾಯ್ತು. ನೇಮ ಹಿಡಿದೆ."

ಪಟ್ಟಾಭಿರಾಮ ನಿಧಾನವಾಗಿ ತಿರುಗಿದ.

ಹೇಮಲತೆಯ ಸೆರಗು ಸೊಂಟದಿಂದ ತಾನಾಗಿ ಜಾರಿತು.

"ಅದು ನೀರಲ್ಲ ಕಣ್ರೀ" ಎಂದಳು. "ಅದು ಅರ್ಘ್ಯ. ತುಳಸಿ ಇದ್ದಾಗ ತುಳಸಿ ಬುಡಕ್ಕೆ ಬೀಳ್ತಿತ್ತು. ನೀವು ತುಳಸಿ ಇಳಿಸಿದ್ರಿ. ಅರ್ಘ್ಯ ಕಾಲು ತುಳಿಯೋ ನೆಲಕ್ಕೆ ಬೀಳಬಾರದಲ್ಲ. ತೊಟ್ಟಿ ಶುದ್ಧವಾಗಿತ್ತು."

"ನಾನು ಅಳೆದ ಹದಿನೈದು ದಿನವೂ?"

"ಮೂವತ್ತು ದಿನವೂ."

ಪಟ್ಟಾಭಿರಾಮ ಒಳಗೆ ಹೋದ. ದೇವರ ಗೂಡಿನಿಂದ ಹಿತ್ತಾಳೆ ಚೊಂಬು ತಂದು ಕಂಠದವರೆಗೆ ತುಂಬಿಸಿ ಅಳತೆಪಾತ್ರೆಗೆ ಬಗ್ಗಿಸಿದ. ನೀರು ಸರಿಯಾಗಿ ಅರ್ಧಕ್ಕೆ ಬಂದು ನಿಂತಿತು. ಅರ್ಧ ಅಳತೆ. ಒಂದು ಮಿಲಿಮೀಟರ್. ಸಾಬರಮತಿಯ ತಂಪು ಗಾಳಿ ಹಿತ್ತಾಳೆ ಚೊಂಬಿನಿಂದ ಬೀಸುತ್ತಿತ್ತು.

ಕೆಳಗೆ ಆಟೋದವನು ಹಾರ್ನ್ ಹೊಡೆದ. ಪಟ್ಟಾಭಿರಾಮ ಬ್ಯಾಗಿನಿಂದ ಮೂರು ಪುಟ ತೆಗೆದು ಹೇಮಲತೆಯ ಕೈಯಲ್ಲಿಟ್ಟು, ಥೇಪ್ಲಾ ಪೊಟ್ಟಣ ತೆಗೆದುಕೊಂಡು, ಮೆಟ್ಟಿಲಿಳಿದು ಹೋದ.

ಆ ದಿನ ಹೇಮಲತೆಗೆ ಊಟ ಸೇರಲಿಲ್ಲ. ಇಡೀ ಸೊಸೈಟಿಯ ಕೊಡಗಳನ್ನು ಅಳೆದವಳು ತನ್ನ ಚೊಂಬನ್ನು ಮಾತ್ರ ಅಳೆದಿರಲಿಲ್ಲ. ದೇವರ ಮುಂದೆ ಕುಳಿತರೆ ಚೊಂಬು ಕಣ್ಣಿಗೆ ಬೀಳುತ್ತಿತ್ತು. ಅಡುಗೆಮನೆಗೆ ಹೋದರೆ ಸೂರಿನ ಮೇಲೆ ಬೇಳೆಯ ಗುರುತು.

ಸಂಜೆ ಆರಕ್ಕೆ ಫೋನ್ ಬಂತು.

"ಸಭೆ ಮುಗೀತು" ಎಂದ ಪಟ್ಟಾಭಿರಾಮ. ವಡೋದರ ಸ್ಟೇಷನ್ನಿನ ಗದ್ದಲದಲ್ಲೂ ಅವನ ದನಿ ಹಗುರಾಗಿತ್ತು. "ರೈಲಲ್ಲಿ ಕೂತು ಪಟ್ಟಿಗೆ ಇನ್ನೊಂದು ಕಾಲಂ ಎಳೆದೆ. ದಿನಾ ಅರ್ಧ ಅಳತೆ, ಮೂವತ್ತು ದಿನ. ಎರಡು ತೊಟ್ಟೀನೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ದೆ ಹೊಂದಿಕೊಂಡ್ವು. ಆರೂವರೆ, ಆರೂವರೆ. ಇಷ್ಟು ಚೆನ್ನಾಗಿ ಹೊಂದೋ ಪಟ್ಟಿ ನೋಡೇ ಇಲ್ಲ ಅಂದ್ರು ಅಧ್ಯಕ್ಷರು. ಮುಂದಿನ ವರ್ಷ ಹತ್ತು ತಾರಸಿ ಮೇಲೆ ಇಡಿ ಅಂತ ಒಪ್ಪಿಗೆ ಕೊಟ್ರು."

"ಬೈಲಿಲ್ವಾ?"

"ಅವರು ಯಾಕೆ ಬೈತಾರೆ? ತಂಪು ಗಾಳಿ ವಿಷಯ ನಾನು ಎತ್ತಲೇ ಇಲ್ಲ. ಎತ್ತಿದ್ರೆ ನನ್ನ ಮರ್ಯಾದೆ ಆವಿಯಾಗ್ತಿತ್ತು. ಕಂಚನ್‌ಬೆನ್ ಥೇಪ್ಲಾ ಕಾಪಾಡ್ತು."

ಹೇಮಲತೆಯ ಎದೆಯಿಂದ ಒಂದು ಕೊಡ ಇಳಿದಂತಾಯಿತು. ಆದರೂ ಹೇಳದೆ ಇರಲಾಗಲಿಲ್ಲ.

"ನನಗೆ ಅದು ನೀರು ಅಂತ ಮನಸ್ಸಿಗೇ ಬಂದಿರ್ಲಿಲ್ಲ ಕಣ್ರೀ. ಸೂರ್ಯನಿಗೆ ಕೊಟ್ಟಿದ್ದು ಸೂರ್ಯನಿಗೆ ಸೇರಿತು ಅಂತ ತಿಳ್ಕೊಂಡಿದ್ದೆ."

"ಸೇರಿದೆ" ಎಂದ ಪಟ್ಟಾಭಿರಾಮ. "ದಿನಾ ಒಂದು ಮಿಲಿಮೀಟರ್, ಒಂದು ಹನಿಯೂ ಬಾಕಿ ಇಲ್ಲದ ಹಾಗೆ ಸೇರಿದೆ. ಮೂವತ್ತು ದಿನದ ಅಳತೆ ನನ್ನ ಕೈಲಿದೆ. ರಾತ್ರಿ ಬಂದ ತಕ್ಷಣ ತುಳಸೀನ ಮೇಲಕ್ಕೆ ತಂದಿಡ್ತೀನಿ."